ಹಿಮ್ಮೇಳದ ಹಾದಿ: ಬಯಲಾಟದಿಂದ ಬಾಹ್ಯಾಕಾಶದ ಆಟದವರೆಗೆ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರ ದಾರಿ ಹಿಡಿದವರು ನಡುವೆ ಪಾವಗಡ ಸೀಮೆಯನ್ನು ಹಾದುಹೋಗಬೇಕು. ಆಂಧ್ರದಿಂದ ಹೊರಟು, ಕರ್ನಾಟಕವನ್ನು ದಾಟಿ, ಮತ್ತೆ ಆಂಧ್ರವನ್ನು ಸೇರುವ ಈ ಪಯಣದಲ್ಲಿ ನಾಮಫಲಕಗಳ ಲಿಪಿ ಎರಡು ಬಾರಿ ಬದಲಾಗುತ್ತದೆ. ಜನರ ಆಡುಮಾತು ಮಾತ್ರ ಅಷ್ಟು ಥಟ್ಟನೆ ಬದಲಾಗುವುದಿಲ್ಲ. ೨೦೨೨ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಗಡಿಗೆರೆಗಳು ಹೀಗೆ ಆಗಾಗ ಸರಿದಾಡಿವೆ. ಆದರೆ ಕಥೆಯನ್ನು ಹಲವರು ಕೂಡಿ ಕಟ್ಟುವ, ಕೂಡಿ ಕೇಳುವ ಅಭ್ಯಾಸವು ಈ ಕೆಂಪು ನೆಲದಲ್ಲಿ ಬಹುಕಾಲದಿಂದ ನಿಂತುಕೊಂಡು ಬಂದಿದೆ. ಆ ಅಭ್ಯಾಸದಲ್ಲಿ ಹಿಮ್ಮೇಳವು ವಹಿಸಿದ ಪಾತ್ರವೇನು, ಇಂದಿನ ತರುಣರು ಮೇಜಿನ ಸುತ್ತ ಕುಳಿತು ಆಡುವ ಒಂದು ಹೊಸ ಬಗೆಯ ಆಟಕ್ಕೆ ಅದು ಏನನ್ನು ಕೊಡಬಲ್ಲದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಆ ಆಟದ ಪರಿಚಯ ಅಗತ್ಯ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಧಾರಣೆಯ ಆಟವನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಒಂದೆಡೆ ಕೂಡುತ್ತಾರೆ. ಒಬ್ಬನು ಸೂತ್ರಧಾರ, ಕಥೆಯ ಲೋಕವನ್ನು ಮಾತಿನಲ್ಲಿ ಬಣ್ಣಿಸುವವನು ಅವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರವು ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ಆಗಿಂದಾಗಲೇ ಹೇಳುತ್ತಾರೆ. ಫಲ ಅನಿಶ್ಚಿತವಾದಲ್ಲಿ ದಾಳವು ತೀರ್ಮಾನಿಸುತ್ತದೆ. ೧೯೭೭ರಲ್ಲಿ ಮಾರ್ಕ್ ಮಿಲ್ಲರ್ ಅವರ 'ಟ್ರಾವೆಲರ್' ಎಂಬ ಆಟವು ಇದೇ ವಿಧಾನವನ್ನು ನಕ್ಷತ್ರಗಳ ನಡುವಿನ ಪಯಣಕ್ಕೆ, ಅಂದರೆ ವೈಜ್ಞಾನಿಕ ಕಥೆಯ ಕ್ಷೇತ್ರಕ್ಕೆ ಒಯ್ದಿತು. ಇಲ್ಲಿ ವೇಷವಿಲ್ಲ, ಪರದೆಯಿಲ್ಲ, ರಂಗವಿಲ್ಲ; ಕಾಗದ, ದಾಳ ಮತ್ತು ಮಾತು ಇಷ್ಟೇ. ಕಣ್ಣಿಗೆ ಕಾಣದ ಗ್ರಹವೊಂದನ್ನು ಕಿವಿಯ ಮೂಲಕವೇ ನಂಬಿಸಬೇಕು. ಆದುದರಿಂದ ಮಾತಿನ ಹಿನ್ನೆಲೆಯಲ್ಲಿ ಯಾವ ಸಂಗೀತವನ್ನು ಇರಿಸಬೇಕು ಎಂಬ ಪ್ರಶ್ನೆ ಈ ಆಟಗಾರರನ್ನು ಸದಾ ಕಾಡುತ್ತದೆ.

ಮೇಲ್ನೋಟಕ್ಕೆ ಇದು ಹುಡುಗಾಟದ ಪ್ರಶ್ನೆಯೆಂದು ತೋರಬಹುದು. ವಾಸ್ತವವಾಗಿ ಇದು ನಮ್ಮ ರಂಗಪರಂಪರೆಯಷ್ಟೇ ಹಳೆಯದು. ಭರತನ ನಾಟ್ಯಶಾಸ್ತ್ರವು ನಾಟಕದ ನಡುವೆ ಹಾಡಬೇಕಾದ ಧ್ರುವಾಗಾನಗಳನ್ನು ಐದಾಗಿ ವಿಂಗಡಿಸುತ್ತದೆ. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಿರ್ಗಮನಕ್ಕೆ ನೈಷ್ಕ್ರಾಮಿಕೀ. ನಡೆಯುತ್ತಿರುವ ಭಾವವನ್ನು ಥಟ್ಟನೆ ಮುರಿದು ಬೇರೊಂದನ್ನು ತರುವುದಕ್ಕೆ ಆಕ್ಷೇಪಿಕೀ. ಹಾಗೆ ಕಲಕಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ. ರಂಗದ ಮೇಲೆ ಏನೋ ತೊಡಕಾಗಿ ತೆರಪು ಬಿದ್ದಾಗ ಅದನ್ನು ಮುಚ್ಚುವುದಕ್ಕೆ ಆಂತರಾ. ಈ ವಿಂಗಡಣೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭರತನು ಹಾಡನ್ನು ಇಲ್ಲಿ ಅದರ ಇಂಪಿನಿಂದ ಅಳೆಯಲಿಲ್ಲ. ಅದು ಮಾಡಬೇಕಾದ ಕೆಲಸದಿಂದ ಹೆಸರಿಸಿದನು. ಹಿನ್ನೆಲೆ ಸಂಗೀತದ ಆಯ್ಕೆಗೆ ಇದಕ್ಕಿಂತ ಸರಳವಾದ ಸೂತ್ರ ಬೇರೊಂದು ಇರಲಾರದು.

ಈ ತಿಳಿವಳಿಕೆಯ ಶಿಲಾರೂಪವು ಹಿಂದೂಪುರದ ನೆರೆಯಲ್ಲಿಯೇ ಇದೆ. ಲೇಪಾಕ್ಷಿಯ ವೀರಭದ್ರ ದೇವಾಲಯವು ೧೬ನೆಯ ಶತಮಾನದ ವಿಜಯನಗರ ಕಾಲದ ನಿರ್ಮಿತಿ. ಅದರ ಪ್ರಾಕಾರದ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಅಲ್ಲಿನ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ನರ್ತಿಸುತ್ತಾಳೆ, ಮೂರು ಕಾಲಿನ ಭೃಂಗಿ ಹೆಜ್ಜೆಯಿಡುತ್ತಾನೆ. ತುಂಬುರನ ಕೈಯಲ್ಲಿ ವೀಣೆ, ಬ್ರಹ್ಮನ ಕೈಯಲ್ಲಿ ಮದ್ದಳೆ. ಸೃಷ್ಟಿಕರ್ತನಾದ ಬ್ರಹ್ಮನೇ ಇಲ್ಲಿ ಹಿಮ್ಮೇಳದವನು! ನರ್ತಿಸುವವಳಿಗೆ ತಾಳವನ್ನು ಕೊಟ್ಟು ತಾನು ಪಕ್ಕದ ಕಂಬಕ್ಕೆ ಸರಿದುನಿಂತ ಈ ಬ್ರಹ್ಮನು ಹಿಮ್ಮೇಳದ ಧರ್ಮವನ್ನು ಮೌನವಾಗಿ ಬೋಧಿಸುತ್ತಾನೆ.

ದೇವಾಲಯದ ಮಂಟಪದಿಂದ ಊರ ಬಯಲಿಗೆ ಬಂದರೆ ಅಲ್ಲಿ ಎದುರಾಗುವುದು ಬಯಲಾಟ. ಈ ಗಡಿಗೆ ತಾಗಿಕೊಂಡಿರುವ ತುಮಕೂರು, ಚಿತ್ರದುರ್ಗ ಸೀಮೆಗಳ ಮೂಡಲಪಾಯದಲ್ಲಿ ಭಾಗವತನ ಹಾಡು, ಮದ್ದಳೆ, ತಾಳಗಳ ಜೊತೆಗೆ ಮುಖವೀಣೆಯೆಂಬ ಪುಟ್ಟ ಊದುವಾದ್ಯವು ಆ ಪ್ರಕಾರದ ಗುರುತಾಗಿ ನಿಂತಿದೆ. ಕಥೆಯು ಒಂದೇ ರಾತ್ರಿಯಲ್ಲಿ ಭೂಲೋಕದಿಂದ ಪಾತಾಳಕ್ಕೆ, ಪಾತಾಳದಿಂದ ಅಮರಾವತಿಗೆ ಹೋಗುತ್ತದೆ. ಅಟ್ಟದ ಮೇಲಿನ ಹಲಗೆಗಳು ಮಾತ್ರ ಅವೇ. ಲೋಕವು ಬದಲಾಯಿತೆಂಬುದನ್ನು ಪ್ರೇಕ್ಷಕನು ತಿಳಿಯುವುದು ಮಟ್ಟು ಬದಲಾದಾಗ, ಮದ್ದಳೆಯ ನಡೆ ಬದಲಾದಾಗ. ಪ್ರವೇಶಿಸಿದ ಪಾತ್ರವನ್ನು ನಿಲ್ಲಿಸಿ "ತಾವು ಯಾರು, ಬಂದ ಕಾರಣವೇನು" ಎಂದು ವಿಚಾರಿಸುವ ಸಾರಥಿಗೂ, ಮೇಜಿನ ಆಟದಲ್ಲಿ "ನಿಮ್ಮ ಪಾತ್ರವು ಈಗ ಏನು ಮಾಡುತ್ತದೆ" ಎಂದು ಕೇಳುವ ಸೂತ್ರಧಾರನಿಗೂ ಹೆಚ್ಚಿನ ಅಂತರವಿಲ್ಲ.

ಇದಕ್ಕೂ ಹತ್ತಿರದ ಬಂಧುವೊಂದನ್ನು ಕಾಣಬೇಕಾದರೆ ನಾವು ಮತ್ತೊಂದು ಗಡಿನಾಡಾದ ಕಾಸರಗೋಡಿನ ಕಡೆಗೆ, ಕರಾವಳಿಯ ತಾಳಮದ್ದಳೆಯ ಕಡೆಗೆ ದೃಷ್ಟಿ ಹಾಯಿಸಬೇಕು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಪ್ರಸಂಗದ ಚೌಕಟ್ಟಿನೊಳಗೆ ಆಶುವಾಗಿ ಪಾತ್ರವನ್ನು ಕಟ್ಟುತ್ತಾರೆ. ಪದ್ಯವು ಮೊದಲೇ ನಿಗದಿಯಾದದ್ದು, ಮಾತು ಆ ಕ್ಷಣದಲ್ಲಿ ಹುಟ್ಟುವುದು. ಅಮೆರಿಕದ ಆಟಗಾರರು ೧೯೭೪ರಲ್ಲಿ ಕಂಡುಕೊಂಡ ಕೂಡುಕಥನವನ್ನು ನಮ್ಮವರು ಅದಕ್ಕೂ ಬಹು ಮೊದಲೇ ಬೇರೊಂದು ಉದ್ದೇಶದಿಂದ ಸಾಧಿಸಿದ್ದರು. ನಮಗೆ ಮುಖ್ಯವಾದದ್ದು ಅಲ್ಲಿನ ಹಿಮ್ಮೇಳದ ಸಂಯಮ. ಪದ್ಯ ಮುಗಿದು ಅರ್ಥ ಆರಂಭವಾದೊಡನೆ ಚೆಂಡೆ ಮದ್ದಳೆಗಳು ತಣ್ಣಗಾಗುತ್ತವೆ. ಶ್ರುತಿಯೊಂದು ಮಾತ್ರ ಸಣ್ಣಗೆ ಉಳಿಯುತ್ತದೆ. ಮಾತು ನಡೆಯುವಾಗ ಮಾತಿಗೆ ಎದುರಾಳಿಯಾಗಿ ಇನ್ನೊಂದು ಹಾಡು ಇರಕೂಡದೆಂಬ ಈ ನಿಯಮವನ್ನು ಯಾವ ಶಾಸನವೂ ವಿಧಿಸಲಿಲ್ಲ; ಕೇಳುವವರ ಕಿವಿಯೇ ವಿಧಿಸಿತು.

ಮರಳಿ ನಮ್ಮ ಸೀಮೆಗೆ ಬರೋಣ. ಧರ್ಮವರದ ಬಳಿಯ ನಿಮ್ಮಲಕುಂಟವು ತೊಗಲುಗೊಂಬೆಯ ಕಲಾವಿದರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಸಂದಿತು. ತೊಗಲುಗೊಂಬೆಯಾಟದಲ್ಲಿ ಪರದೆಯ ಮೇಲೆ ಕಾಣುವುದು ನೆರಳು ಬಣ್ಣಗಳಷ್ಟೇ. ಅವಕ್ಕೆ ಭಾರವನ್ನೂ ವೇಗವನ್ನೂ ಕೊಡುವುದು ಹಾರ್ಮೋನಿಯಂ, ಮೃದಂಗ, ತಾಳ, ಗೆಜ್ಜೆಗಳು. ಯುದ್ಧದ ಸನ್ನಿವೇಶ ಬಂದಾಗ ಆಡಿಸುವವನು ಕಾಲಡಿಯ ಹಲಗೆಯನ್ನು ತುಳಿದು ಸದ್ದೆಬ್ಬಿಸುತ್ತಾನೆ. ಸಂಗೀತವೂ ಸದ್ದೂ ಬೇರೆಬೇರೆ ಕೆಲಸಗಳೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ: ಒಂದು ಭಾವವನ್ನು ತಿಳಿಸುತ್ತದೆ, ಇನ್ನೊಂದು ಘಟನೆಯನ್ನು.

ಈ ಸಮತೋಲವು ತಪ್ಪಿದ ಕಾಲವೂ ಉಂಟು. ೧೯ನೆಯ ಶತಮಾನದ ಕೊನೆಯಲ್ಲಿ ವೃತ್ತಿನಾಟಕಗಳು ಬೆಳೆದಂತೆ ಹಾಡು ರಂಗದ ಒಡೆಯನಾಯಿತು. ಅನಂತಪುರ ಸೀಮೆಯ ಧರ್ಮವರದಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ೧೮೮೦ರ ದಶಕದಲ್ಲಿ ತೆಲುಗು ನಾಟಕಕ್ಕೆ ಹಾಡುಗಳನ್ನು ಸೇರಿಸಿ ಜನಪ್ರಿಯತೆಯನ್ನು ತಂದುಕೊಟ್ಟರು. ಅವರ ಸೋದರಳಿಯ, ತಾಡಿಪತ್ರಿಯಲ್ಲಿ ಜನಿಸಿದ ಬಳ್ಳಾರಿ ರಾಘವ (೧೮೮೦–೧೯೪೬) ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಅಭಿನಯಿಸಿದವರು. ಗಾಯನಕ್ಕಿಂತ ಮಾತಿಗೆ, ಭಾವಾಭಿನಯಕ್ಕೆ ಮೇಲ್ಪಂಕ್ತಿ ಕೊಟ್ಟವರು. ಮಾವನು ತುಂಬಿದ್ದನ್ನು ಅಳಿಯನು ಹದಗೊಳಿಸಿದನೆನ್ನಬಹುದು. ಹಾರ್ಮೋನಿಯಂ ಕುರಿತ ವಿವಾದವೂ ಇದೇ ಕಾಲಮಾನದ್ದು. ನಮ್ಮ ಗಮಕಗಳನ್ನು ಅದರ ಬಿಗಿದ ಸ್ವರಗಳು ನುಡಿಸಲಾರವೆಂಬ ಆಕ್ಷೇಪದಿಂದ ೧೯೪೦ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. ಆ ನಿಷೇಧ ಸುಮಾರು ಮೂರು ದಶಕ ನಡೆಯಿತು. ಹಳ್ಳಿಯ ರಂಗವು ಮಾತ್ರ ಹಾರ್ಮೋನಿಯಂ ಅನ್ನು ಬಿಡಲಿಲ್ಲ. ದೂರದ ಕೊನೆಯ ಸಾಲಿಗೂ ಕೇಳಿಸುವ, ನಟನಿಗೆ ಶ್ರುತಿ ತಪ್ಪದಂತೆ ಕಾಯುವ ವಾದ್ಯ ಅದಕ್ಕೆ ಬೇಕಾಗಿತ್ತು.

ಇನ್ನು ವೈಜ್ಞಾನಿಕ ಕಥೆಯ ಸಂಗೀತ. ಇದರ ಮಾದರಿಗಳು ಬಹುಮಟ್ಟಿಗೆ ಚಲನಚಿತ್ರದಿಂದ ಬಂದವು. ೧೯೫೬ರ 'ಫರ್ಬಿಡನ್ ಪ್ಲಾನೆಟ್' ಚಿತ್ರಕ್ಕೆ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿಗಳು ಪೂರ್ಣವಾಗಿ ವಿದ್ಯುನ್ಮಾನ ಮಂಡಲಗಳಿಂದಲೇ ನಾದವನ್ನು ಸೃಷ್ಟಿಸಿದರು. ಅದನ್ನು ಸಂಗೀತವೆಂದು ಕರೆಯಲೂ ಚಿತ್ರದ ಶೀರ್ಷಿಕೆಗಳಲ್ಲಿ ಹಿಂಜರಿಯಲಾಯಿತು. ೧೯೬೮ರ '೨೦೦೧: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕಾಗಿ ಅಲೆಕ್ಸ್ ನಾರ್ತ್ ರಚಿಸಿದ ಸಂಗೀತವನ್ನು ಬದಿಗಿಟ್ಟು, ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಮೊದಲೇ ಇದ್ದ ಕೃತಿಗಳನ್ನು ಆಯ್ದುಕೊಂಡರು. ನೌಕೆಯ ನಡಿಗೆಗೆ ೧೯ನೆಯ ಶತಮಾನದ ವಿಯೆನ್ನಾದ ವಾಲ್ಟ್ಜ್ ಒದಗಿತು; ಗಾಳಿಯಿಲ್ಲದ ಬಯಲಲ್ಲಿ ಗಗನಯಾತ್ರಿಯ ಉಸಿರಾಟವೊಂದೇ ಕೇಳಿಸಿತು. ಭವಿಷ್ಯವನ್ನು ಹೇಳಲು ಭವಿಷ್ಯದ ವಾದ್ಯವೇ ಬೇಕೆಂದಿಲ್ಲ, ಎಲ್ಲೆಡೆ ಸಂಗೀತ ಇರಬೇಕೆಂದೂ ಇಲ್ಲ ಎಂಬ ಎರಡು ಪಾಠಗಳು ಒಂದೇ ಚಿತ್ರದಲ್ಲಿ ದೊರೆತವು. ನಮ್ಮ ಕಡೆ ಸಿಂಗೀತಂ ಶ್ರೀನಿವಾಸರಾವ್ ಅವರು ೧೯೮೭ರಲ್ಲಿ ಮಾತೇ ಇಲ್ಲದ 'ಪುಷ್ಪಕ ವಿಮಾನ'ವನ್ನು ಎಲ್. ವೈದ್ಯನಾಥನ್ ಅವರ ಸಂಗೀತದೊಡನೆ ನಿರೂಪಿಸಿದರು. ಅದೇ ನಿರ್ದೇಶಕರ ೧೯೯೧ರ ತೆಲುಗು ಚಿತ್ರ 'ಆದಿತ್ಯ ೩೬೯'ರಲ್ಲಿ ಕಾಲಯಂತ್ರವು ಕೃಷ್ಣದೇವರಾಯನ ಆಸ್ಥಾನಕ್ಕೂ ದೂರದ ಭವಿಷ್ಯಕ್ಕೂ ಸಂಚರಿಸುತ್ತದೆ. ಎರಡೂ ಲೋಕಗಳಿಗೆ ಸಂಗೀತವನ್ನು ಒದಗಿಸುವ ಹೊಣೆ ಇಳಯರಾಜ ಅವರದಾಗಿತ್ತು. ಅದರಲ್ಲಿ ರಾಯನಾಗಿಯೂ ಆಧುನಿಕ ತರುಣನಾಗಿಯೂ ನಟಿಸಿದ ನಂದಮೂರಿ ಬಾಲಕೃಷ್ಣ ಅವರೇ ೨೦೧೪ರಿಂದ ಹಿಂದೂಪುರದ ಶಾಸಕರೆಂಬುದು ಒಂದು ಸೊಗಸಾದ ಆಕಸ್ಮಿಕ.

ಈ ಹಾದಿಯ ಕೊನೆಯಲ್ಲಿ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳೋಣ. ಹಿಂದೂಪುರದ ಮನೆಯೊಂದರಲ್ಲಿ ನಾಲ್ವರು ತರುಣರು ದಾಳವಿಟ್ಟುಕೊಂಡು ಕುಳಿತಿದ್ದಾರೆ. ಇಬ್ಬರ ಮನೆಮಾತು ಕನ್ನಡ, ಒಬ್ಬನದು ತೆಲುಗು, ಇನ್ನೊಬ್ಬನದು ಉರ್ದು. ಅವರ ನೌಕೆಯು ಹೆಸರಿಲ್ಲದ ಗ್ರಹವೊಂದರ ಮೇಲೆ ಇಳಿದಿದೆ. ಸೂತ್ರಧಾರನು ಯಾವ ಸಂಗೀತವನ್ನು ಆಯ್ದುಕೊಳ್ಳಬೇಕು? ಪರಂಪರೆಯು ಅವನಿಗೆ ಕೆಲವು ಮಾತುಗಳನ್ನು ಹೇಳಬಲ್ಲದು. ಸಾಹಿತ್ಯವುಳ್ಳ ಹಾಡನ್ನು ಬಿಡು; ಅದು ಆಟಗಾರರ ಮಾತಿಗೆ ಅಡ್ಡ ಬರುತ್ತದೆ. ಎಲ್ಲರೂ ಬಲ್ಲ ಚಿತ್ರದ ಸಂಗೀತವನ್ನೂ ಬಿಡು. ಅದು ಕೇಳುಗರನ್ನು ಆ ಚಿತ್ರದ ಕಥೆಗೆ ಎಳೆದೊಯ್ಯುತ್ತದೆ. ಪ್ರತಿ ಲೋಕಕ್ಕೆ ಒಂದು ಮಟ್ಟನ್ನು ಗೊತ್ತುಮಾಡಿ, ಅಲ್ಲಿಗೆ ಮರಳಿದಾಗಲೆಲ್ಲ ಅದನ್ನೇ ಮರಳಿಸು. ಅಪಾಯ ಎದುರಾದಾಗ ಆಕ್ಷೇಪಿಕೀ, ಪಾರಾದಾಗ ಪ್ರಾಸಾದಿಕೀ. ನಿಯಮದ ಪುಸ್ತಕವನ್ನು ತಿರುವಿಹಾಕುವಾಗಿನ ತೆರಪಿಗೆ ಆಂತರಾ. ಪಾತ್ರಗಳು ಮನಬಿಚ್ಚಿ ಮಾತಾಡುವಾಗ ತಂಬೂರಿಯ ಶ್ರುತಿಯಷ್ಟೇ ಸಾಕು. ದಾಳವು ಉರುಳುವ ಆ ಗಳಿಗೆಯಲ್ಲಿ ಎಲ್ಲವನ್ನೂ ನಿಲ್ಲಿಸು.

ಅವನು ಅಪರಿಚಿತ ಗ್ರಹಕ್ಕೆ ಮುಖವೀಣೆಯ ನಾದವನ್ನೇ ಏಕೆ ಆರಿಸಬಾರದು? ತಲೆಮಾರುಗಳಿಂದ ಈ ಸೀಮೆಯ ಜನರಿಗೆ ಬೇರೊಂದು ಲೋಕದ ಬಾಗಿಲನ್ನು ತೆರೆದ ನಾದ ಅದು. ಆದರೆ ಆರಿಸಿಕೊಳ್ಳಬೇಕಾದರೆ ಅದು ಉಳಿದಿರಬೇಕು. ನಮ್ಮ ಆತಂಕ ಇರುವುದು ಇಲ್ಲಿಯೇ. ಪ್ರಸಂಗದ ಪಠ್ಯವು ಅಚ್ಚಾಗುತ್ತದೆ, ವೇಷವು ಛಾಯಾಚಿತ್ರದಲ್ಲಿ ಉಳಿಯುತ್ತದೆ. ಯಾವ ಸನ್ನಿವೇಶಕ್ಕೆ ಯಾವ ಮಟ್ಟು, ಎಲ್ಲಿ ಏರಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬ ತಿಳಿವಳಿಕೆಯು ಭಾಗವತನ ಕೊರಳಲ್ಲಿ, ಮದ್ದಳೆಗಾರನ ಬೆರಳಲ್ಲಿ ಇರುವಂಥದು. ಶಿಷ್ಯನಿಲ್ಲದೆ ಅವರು ತೀರಿಕೊಂಡರೆ ಅದೂ ಅವರೊಡನೆ ಹೋಗುತ್ತದೆ. ಗಡಿನಾಡಿನಲ್ಲಿ ಭಾಷೆಯು ಶಾಲೆ ಕಚೇರಿಗಳಲ್ಲಿ ಇಕ್ಕಟ್ಟಿಗೆ ಸಿಲುಕಿದಾಗಲೂ ಬಯಲಲ್ಲಿ ಬದುಕಿದ್ದಕ್ಕೆ ಇಂಥವರೂ ಕಾರಣರು.

ಆದುದರಿಂದ ಕನ್ನಡ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು. ಹಿರಿಯ ಹಿಮ್ಮೇಳದವರನ್ನು ಸನ್ಮಾನದ ಶಾಲಿಗಾಗಿ ಮಾತ್ರ ಕರೆಯದೆ, ಅವರ ಮಟ್ಟುಗಳನ್ನು ಸನ್ನಿವೇಶದ ಹೆಸರಿನೊಡನೆ ಧ್ವನಿಮುದ್ರಿಸಿ ಇಡೋಣ. ಅವರ ಒಪ್ಪಿಗೆಯಿಂದ, ಅವರ ಹೆಸರಿನಲ್ಲಿಯೇ ಎಳೆಯರ ಕೈಗೆ ಕೊಡೋಣ. ಆ ಎಳೆಯರು ಅದನ್ನು ಲಂಕೆಗೆ ಬಳಸಲಿ, ನಕ್ಷತ್ರನೌಕೆಗೆ ಬಳಸಲಿ, ಆಯ್ಕೆ ಅವರದು. ಲೇಪಾಕ್ಷಿಯ ಬ್ರಹ್ಮನೂ ಕಥೆ ಯಾವುದೆಂದು ಕೇಳದೆ ಮದ್ದಳೆಯನ್ನು ಹಿಡಿದು ನಿಂತಿದ್ದಾನೆ.