ತುಮಕೂರು ಸೀಮೆಯ ಆರೋಗ್ಯ ಸಮೀಕ್ಷೆಗಳು: ಮನೆ ಬಾಗಿಲು ಮತ್ತು ಫೋನು

ಬೀಡಿ ಸೇದುತ್ತೀರಾ, ಕುಡಿಯುತ್ತೀರಾ, ಬಿ.ಪಿ. ನೋಡಿಸಿಕೊಂಡು ಎಷ್ಟು ದಿನವಾಯಿತು? ಇಂಥ ಪ್ರಶ್ನೆಗಳನ್ನು ಆಯ್ದ ವಯಸ್ಕರಿಗೆ ಕೇಳಿ, ಒಂದು ಪ್ರದೇಶಕ್ಕೆ ಮುಂದೆ ಬರಬಹುದಾದ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್‌ಗಳ ಹೊರೆಯನ್ನು ಅಂದಾಜು ಮಾಡುವುದೇ ಅಪಾಯಕಾರಿ ಅಭ್ಯಾಸಗಳ ಸಮೀಕ್ಷೆ. ಅಮೆರಿಕದಲ್ಲಿ ಇದು ಟೆಲಿಫೋನಿನ ಮೇಲೆ ಬೆಳೆಯಿತು. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬೆಳೆದದ್ದು ಮನೆ ಬಾಗಿಲಲ್ಲಿ.

ಜನರ ಬಾಯಿಂದಲೇ ಕಾಯಿಲೆಯ ಸುದ್ದಿ ಕೇಳುವ ಕೆಲಸಕ್ಕೆ ತುಮಕೂರು ಜಿಲ್ಲೆ ಬಹಳ ಹಿಂದೆಯೇ ಹೆಸರಾಗಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲಿ ಇಲ್ಲಿನ ಹಳ್ಳಿ-ಪಟ್ಟಣಗಳಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅದರಲ್ಲಿ ಪತ್ತೆಯಾದ ರೋಗಿಗಳನ್ನು ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ಮಾತನಾಡಿಸಿತು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವೇ ಇರುವುದಿಲ್ಲ ಎಂದು ಆಗ ತಜ್ಞರು ನಂಬಿದ್ದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕರಿಗೆ ಕೆಮ್ಮು, ಜ್ವರದಂಥ ಲಕ್ಷಣಗಳ ಅರಿವಿತ್ತು; ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿಯೂ ಇದ್ದರು. ತಪ್ಪುತ್ತಿದ್ದದ್ದು ಆಸ್ಪತ್ರೆಯಲ್ಲಿ: ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗುತ್ತಿತ್ತು. ಸಾಮಾನ್ಯ ಆಸ್ಪತ್ರೆಗಳಲ್ಲೇ ಕ್ಷಯಕ್ಕೆ ಚಿಕಿತ್ಸೆ ಸಿಗಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನಿಲುವಿಗೆ ಈ ಅಧ್ಯಯನ ಬಲ ತುಂಬಿತು.

ಫೋನಿನ ದಾರಿ ಬೇರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1984ರಲ್ಲಿ 15 ರಾಜ್ಯಗಳೊಂದಿಗೆ ವಯಸ್ಕರ ಅಭ್ಯಾಸಗಳ ಮಾಸಿಕ ದೂರವಾಣಿ ಸಮೀಕ್ಷೆ ಶುರುಮಾಡಿತು. 1993ರ ಹೊತ್ತಿಗೆ ಅದು ದೇಶವ್ಯಾಪಿಯಾಯಿತು. ಜನ ಮನೆಯ ಫೋನು ತೆಗೆಸಿ ಬರೀ ಮೊಬೈಲ್ ಇಟ್ಟುಕೊಳ್ಳತೊಡಗಿದ್ದರಿಂದ 2011ರಲ್ಲಿ ಮೊಬೈಲ್ ಸಂಖ್ಯೆಗಳನ್ನೂ ಸೇರಿಸಿಕೊಳ್ಳಬೇಕಾಯಿತು. ಈಗ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಸಂದರ್ಶನಗಳು ನಡೆಯುತ್ತವೆ.

ಭಾರತ ನೆಚ್ಚಿಕೊಂಡದ್ದು ಮುಖಾಮುಖಿ ಸಂದರ್ಶನವನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ (2015–16) ಜಿಲ್ಲಾವಾರು ಅಂಕಿಅಂಶಗಳು ಸಿಗತೊಡಗಿ, ತುಮಕೂರಿಗೂ ತನ್ನದೇ ಪಟ್ಟಿ ಬಂತು. ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 27.1, ಹೆಂಗಸರಲ್ಲಿ ಶೇ 8.5 ಮಂದಿ ತಂಬಾಕು ಬಳಸುತ್ತಾರೆ. 2017–18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಸಮೀಕ್ಷೆಯ ಹೊಣೆ ಹೊತ್ತದ್ದು ಬೆಂಗಳೂರಿನಲ್ಲೇ ಇರುವ ಐಸಿಎಂಆರ್‌ನ ರೋಗ ಮಾಹಿತಿ ಕೇಂದ್ರ. ದೇಶದ 600 ಕಡೆ 12,000 ಮನೆಗಳನ್ನು ಅದಕ್ಕೆ ಆರಿಸಲಾಗಿತ್ತು.

ಗುಬ್ಬಿಯ ಹಳ್ಳಿಗಳಲ್ಲಾಗಲಿ, ಕುಣಿಗಲ್ ಪೇಟೆಯಲ್ಲಾಗಲಿ ಇಂದು ಈ ಪ್ರಶ್ನೆಗಳನ್ನು ಹಿಡಿದು ಬರುವವರು ಆಶಾ ಕಾರ್ಯಕರ್ತೆಯರು. ಅವರ ಕೈಯಲ್ಲಿರುವ ಪಟ್ಟಿಯಲ್ಲಿ 30 ದಾಟಿದ ಪ್ರತಿಯೊಬ್ಬರಿಗೂ ಅಂಕ ಬೀಳುತ್ತದೆ. ದಿನಾ ತಂಬಾಕು ಬಳಸಿದರೆ 2, ದಿನಾ ಕುಡಿದರೆ 1, ವಾರಕ್ಕೆ 150 ನಿಮಿಷವೂ ಮೈ ದಣಿಸದಿದ್ದರೆ 1, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ 2. ವಯಸ್ಸಿಗೂ ಸೊಂಟದ ಸುತ್ತಳತೆಗೂ ಬೇರೆ ಅಂಕ. ಮೊತ್ತ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಪ್ರಶ್ನೆ ಕೇಳುವ ಬಗೆಯಲ್ಲೇ ಉತ್ತರ ಅಡಗಿರುತ್ತದೆ. ಅಡಿಕೆ ತೋಟಗಳ ಈ ಸೀಮೆಯಲ್ಲಿ ‘ತಂಬಾಕು ಹಾಕ್ತೀರಾ?’ ಎಂದರೆ ‘ಇಲ್ಲಪ್ಪ, ಎಲೆ ಅಡಿಕೆ ಅಷ್ಟೇ’ ಎನ್ನುವ ಅಜ್ಜಿಯ ಸಂಚಿಯಲ್ಲಿ ಕಡ್ಡಿಪುಡಿ ಇರಬಹುದು. ಅದಕ್ಕೇ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಬೆರೆತ ಎಲೆ ಅಡಿಕೆ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಮನೆಯಲ್ಲಿ ಯಾರು ಉತ್ತರಿಸಬೇಕೆಂಬುದನ್ನೂ ಸಂದರ್ಶಕರ ಕೈಯಲ್ಲಿನ ಯಂತ್ರವೇ ಆರಿಸುತ್ತದೆ. ಬಾಗಿಲು ತೆರೆದ ಯಜಮಾನರೇ ಮಾತನಾಡಿ ಮುಗಿಸುವಂತಿಲ್ಲ. ಈ ಸಮೀಕ್ಷೆಯ ಪ್ರಕಾರ ಕರ್ನಾಟಕದ ತಂಬಾಕು ಬಳಕೆ 2009–10ರಲ್ಲಿದ್ದ ಶೇ 28.2ರಿಂದ 2016–17ಕ್ಕೆ ಶೇ 22.8ಕ್ಕೆ ಇಳಿಯಿತು. ನಡುವೆ, 2013ರಲ್ಲಿ, ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತ್ತು.

ಆರೋಗ್ಯದ ಕೆಲಸಕ್ಕೆ ಫೋನು ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ 14410 ಸಂಖ್ಯೆಯ ಆಪ್ತಮಿತ್ರ ಸಹಾಯವಾಣಿ ಆರಂಭವಾಯಿತು. ಮೇ ತಿಂಗಳ ಮನೆ ಮನೆ ಸಮೀಕ್ಷೆಯಲ್ಲಿ ವೃದ್ಧರು, ಬಸುರಿಯರು, ಬೇರೆ ಕಾಯಿಲೆ ಇದ್ದವರನ್ನು ಗುರುತಿಸಿ, ಅಂಥ ಮನೆಗಳಿಗೆ ಕರೆ ಮಾಡಿ ವಿಚಾರಿಸಲಾಯಿತು. ಇಲ್ಲೂ ಬಾಗಿಲು ಮೊದಲು, ಫೋನು ಆಮೇಲೆ.

ಫೋನನ್ನೇ ನೆಚ್ಚಿಕೊಂಡರೆ ಯಾರು ಬಿಟ್ಟುಹೋಗುತ್ತಾರೆ? ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದವರು ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 61.8 ಮಂದಿ. ಉಳಿದವರಿಗೆ ಬರುವ ಕರೆಯನ್ನು ಗಂಡನೋ ಮಗನೋ ಎತ್ತುತ್ತಾನೆ. ಬಂದ ಕರೆ ಸಾಲದ್ದೋ ಮೋಸದ್ದೋ ಎಂಬ ಅನುಮಾನದಿಂದ ಗೊತ್ತಿಲ್ಲದ ನಂಬರ್ ಎತ್ತದವರೂ ಇದ್ದಾರೆ. ಸೊಂಟದ ಅಳತೆ, ಬಿ.ಪಿ., ರಕ್ತದ ಸಕ್ಕರೆಯಂತೂ ಫೋನಿನಲ್ಲಿ ಸಿಗುವುದಿಲ್ಲ. ಕಡಿಮೆ ಖರ್ಚಿನಲ್ಲಿ ಬೇಗ ಮುಗಿಯುವ ಫೋನ್ ಸಮೀಕ್ಷೆ ಇಲ್ಲಿ ಪೂರಕವಾಗಬಹುದೇ ಹೊರತು ಪರ್ಯಾಯವಾಗದು. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯೂ ತಪಾಸಣೆಗೆ ಆರಿಸಿಕೊಂಡದ್ದು ಮನೆ ಬಾಗಿಲನ್ನೇ.