ಹೆಗ್ಡೆ, ಕೌಡೂರು ಸದಾನಂದ (1909–1990): ನ್ಯಾಯಪೀಠ ಮತ್ತು ಮತಪೆಟ್ಟಿಗೆ

ಕೆ.ಎಸ್. ಹೆಗ್ಡೆ ಎಂದೇ ಹೆಸರಾದ ಕೌಡೂರು ಸದಾನಂದ ಹೆಗ್ಡೆ ವಕೀಲರು, ರಾಜ್ಯಸಭಾ ಸದಸ್ಯರು, ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಕೊನೆಗೆ ಲೋಕಸಭೆಯ ಸ್ಪೀಕರ್. ನ್ಯಾಯಪೀಠ ಏರುವ ಮೊದಲೂ, ಇಳಿದ ಮೇಲೂ ಚುನಾವಣೆ ಗೆದ್ದವರು.

ನಮ್ಮಲ್ಲಿ ನ್ಯಾಯಾಧೀಶರಾಗಲು ಯಾರೂ ಮತ ಕೇಳಬೇಕಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟುಗಳ ನ್ಯಾಯಮೂರ್ತಿಗಳನ್ನು ನೇಮಿಸುವವರು ರಾಷ್ಟ್ರಪತಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಉಚ್ಚ ನ್ಯಾಯಾಲಯವಿದ್ದು, ನ್ಯಾಯಮೂರ್ತಿಗಳು ಒಂದಲ್ಲ ಒಂದು ಹಂತದಲ್ಲಿ ಮತದಾರರ ಮುಂದೆ ನಿಲ್ಲಬೇಕು. ಎಲ್ಲ ನ್ಯಾಯಾಧೀಶರನ್ನೂ ಚುನಾಯಿಸುವ ಪದ್ಧತಿಯನ್ನು 1832ರಲ್ಲಿ ಮಿಸಿಸಿಪ್ಪಿ ತಂದಿತು, 1846ರಲ್ಲಿ ನ್ಯೂಯಾರ್ಕ್ ಹಿಂಬಾಲಿಸಿತು. ಮರಣದಂಡನೆಯ ತೀರ್ಪುಗಳು ಹಿಡಿಸದೆ 1986ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಅವರನ್ನೇ ಮನೆಗೆ ಕಳಿಸಿದರು. ನಮ್ಮ ಸಂವಿಧಾನ ಆ ದಾರಿ ಹಿಡಿಯಲಿಲ್ಲ. ಆದರೆ ಪೀಠ ಇಳಿದ ಮೇಲೆ ಚುನಾವಣೆಗೆ ನಿಲ್ಲಬಾರದೆಂದೂ ಹೇಳಲಿಲ್ಲ. ಹೆಗ್ಡೆಯವರ ಬದುಕಿನ ಎರಡನೆಯ ಭಾಗ ಈ ತೆರಪಿನಲ್ಲಿ ನಡೆದದ್ದು.

ಹುಟ್ಟಿದ್ದು 11 ಜೂನ್ 1909, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲೂ ಮದರಾಸಿನಲ್ಲೂ ಓದಿ ಮಂಗಳೂರಿನ ಕಡೆ ವಕೀಲಿಕೆ ಮಾಡಿದರು. ಸರ್ಕಾರಿ ವಕೀಲರೂ ಆದರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. 1952ರಲ್ಲಿ ರಾಜ್ಯಸಭೆ ಮೊದಲ ಬಾರಿಗೆ ರಚನೆಯಾದಾಗ ಕಾಂಗ್ರೆಸ್ಸಿನಿಂದ ಮದರಾಸಿನ ಸದಸ್ಯರಾಗಿ ಆಯ್ಕೆಯಾದರು. ಶಾಸಕರು ಮತ ಹಾಕುವ ಚುನಾವಣೆ ಅದು. ಬೀದಿ ಬೀದಿ ತಿರುಗುವ ಪ್ರಮೇಯವಿರಲಿಲ್ಲ. 1957ರಲ್ಲಿ ಆ ಸ್ಥಾನ ಬಿಟ್ಟು, ರಾಜ್ಯಗಳ ಪುನರ್ವಿಂಗಡಣೆಯ ನಂತರ ಹಿಗ್ಗಿದ್ದ ಮೈಸೂರು ರಾಜ್ಯದ ಹೈಕೋರ್ಟಿಗೆ ನ್ಯಾಯಮೂರ್ತಿಯಾಗಿ ಬಂದರು. ಐದು ವರ್ಷ ಆಳುವ ಪಕ್ಷದ ಸದಸ್ಯರಾಗಿದ್ದವರು ನೇರ ಪೀಠಕ್ಕೆ ಬಂದದ್ದು ಪ್ರಶ್ನೆ ಏಳಿಸುವಂಥದ್ದೇ. ಆ ಪ್ರಶ್ನೆಗೆ ಮುಂದಿನ ಹದಿನಾರು ವರ್ಷದ ತೀರ್ಪುಗಳೇ ಉತ್ತರ ಕೊಟ್ಟವು.

ಅದೇ ಹೈಕೋರ್ಟಿನಲ್ಲಿ ತೆಂಗಿನ ಸೀಮೆಯವರೊಬ್ಬರು ಇವರ ಜೊತೆಗಾರರು. ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಗುಬ್ಬಿಗೆ ಮೊದಲೇ ಸಿಗುವ ನಿಟ್ಟೂರಿನ ಶ್ರೀನಿವಾಸರಾಯರು 1962ರಲ್ಲಿ ಮೈಸೂರಿನ ಮುಖ್ಯ ನ್ಯಾಯಮೂರ್ತಿಯಾದರು. ನಿವೃತ್ತಿಯ ನಂತರ, 1964ರಲ್ಲಿ, ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾದರು. ಗಾಂಧಿಮಾರ್ಗದಲ್ಲಿ ನಂಬಿಕೆಯಿಟ್ಟವರು, ಕನ್ನಡ ಪುಸ್ತಕ ಪ್ರಕಟಿಸಿದವರು, ನೂರು ವರ್ಷ ತುಂಬಲು ಇನ್ನೇನು ಎನ್ನುವಾಗಲೂ ತುಂಬಿದ ಮೇಲೂ ಸಾರ್ವಜನಿಕ ಬದುಕಿನಲ್ಲಿದ್ದವರು, 2004ರಲ್ಲಿ ತೀರಿಕೊಂಡರು. ಪೀಠ ಇಳಿದ ಮೇಲೆ ನಿಟ್ಟೂರರ ದಾರಿ ಒಂದು, ಚುನಾವಣೆಗೆ ನಿಂತ ಹೆಗ್ಡೆಯವರ ದಾರಿ ಇನ್ನೊಂದು. ತುಮಕೂರು ಜಿಲ್ಲೆಯ ನಮಗೆ ಮೊದಲನೆಯದು ಹೆಚ್ಚು ಪರಿಚಿತ, ಹಾಗಾಗಿ ಎರಡನೆಯದನ್ನು ಅನುಮಾನದಿಂದ ನೋಡುವ ಅಭ್ಯಾಸವೂ ಇದೆ. ಆ ಅನುಮಾನ ನ್ಯಾಯವಾದದ್ದಲ್ಲ.

1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಹೆಗ್ಡೆ ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು, 1967ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ 1969ರ ಕ್ರೈಪಕ್ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಒಂದು ಮಂಡಳಿ ಕೂತಿತು. ರಾಜ್ಯದ ಅರಣ್ಯ ಇಲಾಖೆಯ ಹಂಗಾಮಿ ಮುಖ್ಯಸ್ಥರು ಆ ಮಂಡಳಿಯ ಸದಸ್ಯರು, ಆಯ್ಕೆ ಬಯಸಿದ ಅಭ್ಯರ್ಥಿಯೂ ಅವರೇ. ಅವರ ಹೆಸರು ಬಂದಾಗ ಮಾತ್ರ ಎದ್ದು ಹೊರಗೆ ಹೋಗಿದ್ದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಟೆಂಡರ್ ಹಾಕಿದ ವರ್ತಕನೇ ಮಿಕ್ಕವರ ಟೆಂಡರ್ ತೆರೆದು ದರ ಕೂಗಿದರೆ, ತನ್ನ ಚೀಟಿ ಬಂದಾಗ ಮಾತ್ರ ಪಕ್ಕಕ್ಕೆ ನಿಂತೆ ಎಂದರೆ, ಮೂಟೆ ತಂದ ರೈತ ಒಪ್ಪುತ್ತಾನೆಯೇ? ಕೋರ್ಟೂ ಒಪ್ಪಲಿಲ್ಲ. ಇದು ಬರೀ ಆಡಳಿತದ ಕೆಲಸ, ನ್ಯಾಯವಿಚಾರಣೆಯಲ್ಲ ಎಂಬ ವಾದವನ್ನು ತಳ್ಳಿಹಾಕಿ, ಸಹಜ ನ್ಯಾಯದ ನಿಯಮ ಅಲ್ಲಿಗೂ ಅನ್ವಯಿಸುತ್ತದೆ ಎಂದು ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಹೆಗ್ಡೆ ಬರೆದರು. ಪಂಚಾಯಿತಿಯಿಂದ ವಿಶ್ವವಿದ್ಯಾಲಯದವರೆಗೆ, ತನ್ನ ಮಾತು ಕೇಳದೆ ಯಾರಾದರೂ ತೀರ್ಮಾನ ಮಾಡಿದರೆಂದು ಕೋರ್ಟಿಗೆ ಹೋಗುವ ಸಾಮಾನ್ಯ ಮನುಷ್ಯನಿಗೆ ಇಂದಿಗೂ ಆಸರೆ ಈ ತೀರ್ಪು.

1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದು, ಎರಡೂ ಪ್ರಕರಣಗಳಲ್ಲಿ ಸರ್ಕಾರದ ವಿರುದ್ಧದ ಬಹುಮತದಲ್ಲಿ ಅವರಿದ್ದರು. 1972ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣ ಬಂತು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಇಂದಿರಾ ಗಾಂಧಿ ಗೆದ್ದದ್ದನ್ನು ರಾಜನಾರಾಯಣ್ ಪ್ರಶ್ನಿಸಿದ್ದರು. ಅರ್ಜಿಯ ಕೆಲವು ಮುಖ್ಯ ಆರೋಪಗಳು ಹೈಕೋರ್ಟಿನಲ್ಲೇ ತಡೆಯಾಗಿದ್ದವು. ಅವುಗಳಿಗೆ ದಾರಿ ಬಿಟ್ಟುಕೊಟ್ಟ ತೀರ್ಪು ಬರೆದವರು ಹೆಗ್ಡೆ. ಆ ಅರ್ಜಿಯ ಮೇಲೆಯೇ 12 ಜೂನ್ 1975ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿಯ ಆಯ್ಕೆಯನ್ನು ರದ್ದು ಮಾಡಿತು.

ಅಷ್ಟರಲ್ಲಿ ಕೇಶವಾನಂದ ಭಾರತಿ ಪ್ರಕರಣ ಮುಗಿದಿತ್ತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಹೂಡಿದ ದಾವೆ ಅದು. ಕನ್ನಡದ ಮಠದ್ದು ಅರ್ಜಿ. ತೀರ್ಪು ಹೇಳಿದ ಹದಿಮೂವರಲ್ಲಿ ಒಬ್ಬರು ಕಾರ್ಕಳದವರು. 68 ದಿನ ವಾದ ನಡೆದು, 24 ಏಪ್ರಿಲ್ 1973ರಂದು ಏಳು–ಆರರ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆ ಆ ಏಳರಲ್ಲಿ ಒಬ್ಬರು, ಎ.ಕೆ. ಮುಖರ್ಜಿಯವರ ಜೊತೆ ಸೇರಿ ಒಂದೇ ತೀರ್ಪು ಬರೆದಿದ್ದರು.

ಮರುದಿನವೇ ಎ.ಎನ್. ರೇ ಮುಂದಿನ ಮುಖ್ಯ ನ್ಯಾಯಮೂರ್ತಿ ಎಂದು ಸರ್ಕಾರ ಪ್ರಕಟಿಸಿತು. ರೇ ಅವರಿಗಿಂತ ಹಿರಿಯರು ಮೂವರಿದ್ದರು: ಶೇಲತ್, ಹೆಗ್ಡೆ, ಗ್ರೋವರ್. ಮೂವರೂ ಬಹುಮತದ ಕಡೆ ಇದ್ದವರು, ರೇ ಅಲ್ಪಮತದ ಕಡೆ. ಸರದಿಯಂತೆ ನಡೆದಿದ್ದರೆ ಜುಲೈನಲ್ಲಿ ಶೇಲತ್ ನಿವೃತ್ತರಾಗಿ, ಹೆಗ್ಡೆ ಹತ್ತಿರ ಹತ್ತಿರ ಹನ್ನೊಂದು ತಿಂಗಳು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಕರ್ನಾಟಕದವರೊಬ್ಬರು ಆ ಕುರ್ಚಿಯಲ್ಲಿ ಕೂರಲು 1989ರಲ್ಲಿ ಇ.ಎಸ್. ವೆಂಕಟರಾಮಯ್ಯ ಬರುವ ತನಕ ಕಾಯಬೇಕಾಯಿತು. ತನಗಿಂತ ಕಿರಿಯರ ಕೈಕೆಳಗೆ ಕೂತಿದ್ದರೆ ಸಂಬಳ, ಬಂಗಲೆ ಉಳಿಯುತ್ತಿದ್ದವು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರದು 30 ಏಪ್ರಿಲ್‌ಗೆ ಜಾರಿಯಾಯಿತು.

ಮುಂದೇನು? ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ದೇಶದ ಯಾವ ಕೋರ್ಟಿನಲ್ಲೂ ಮತ್ತೆ ಕರಿಕೋಟು ಹಾಕಿ ವಾದಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 124ನೇ ವಿಧಿ. ಬಲ್ಲ ಕಸುಬಿಗೆ ಮರಳುವಂತಿಲ್ಲ. ಹೇಳಬೇಕಾದದ್ದು ಮಾತ್ರ ಇನ್ನೂ ಇತ್ತು. ಎರಡು ವರ್ಷಕ್ಕೆ ತುರ್ತುಪರಿಸ್ಥಿತಿ ಬಂತು. 1977ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ, ನೇಗಿಲು ಹೊತ್ತ ರೈತನ ಗುರುತಿನ ಮೇಲೆ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಕೆಂಗಲ್ ಹನುಮಂತಯ್ಯ, ವಿಧಾನಸೌಧ ಕಟ್ಟಿಸಿದವರು. ಬೆಂಗಳೂರಿನಲ್ಲಿ ಅವರನ್ನು ಸೋಲಿಸುವುದು ಸಣ್ಣ ಮಾತಲ್ಲ, ಹೆಗ್ಡೆ ಸೋಲಿಸಿದರು.

ಉತ್ತರ ಭಾರತವೆಲ್ಲ ಜನತಾ ಪಕ್ಷದ ಕಡೆ ವಾಲಿದ ಆ ಚುನಾವಣೆಯಲ್ಲಿ ಕರ್ನಾಟಕ ವಾಲಿರಲಿಲ್ಲ. 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದವು. ತಿಪಟೂರಿನ ಪಕ್ಕದ ಹಾಸನದಲ್ಲಿ ನಂಜೇಶಗೌಡರು, ಬೆಂಗಳೂರು ದಕ್ಷಿಣದಲ್ಲಿ ಹೆಗ್ಡೆ, ಜನತಾ ಪಕ್ಷಕ್ಕೆ ಇಬ್ಬರೇ. ಗಾಳಿಯ ಬಲದಿಂದ ಗೆದ್ದರು ಎಂದು ಹೆಗ್ಡೆಯವರ ಬಗ್ಗೆ ಹೇಳಲಾಗದು. ಗಾಳಿ ಇಲ್ಲಿ ಎದುರಿಗೇ ಬೀಸುತ್ತಿತ್ತು.

ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿ ಸ್ಥಾನಕ್ಕೆ ಹೋದದ್ದರಿಂದ 21 ಜುಲೈ 1977ರಂದು ಹೆಗ್ಡೆ ಸ್ಪೀಕರ್ ಆದರು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದ 44ನೇ ತಿದ್ದುಪಡಿ ಅವರ ಕಾಲದಲ್ಲೇ ಅಂಗೀಕಾರವಾಯಿತು. ಅವರಿಗೆ ಕಠಿಣವಾದ ದಿನ 19 ಡಿಸೆಂಬರ್ 1978. ಆರು ವಾರದ ಹಿಂದಷ್ಟೇ ಚಿಕ್ಕಮಗಳೂರಿನ ಉಪಚುನಾವಣೆ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು, ಮಾರುತಿ ಕಂಪನಿಯ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಹಿಂದೆ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ಮೇಲೆ, ಸದನ ಉಚ್ಚಾಟಿಸಿ ಸೆರೆಮನೆಗೆ ಕಳಿಸಿತು. ತೀರ್ಮಾನ ಸದನದ್ದು, ಬಹುಮತದ್ದು. ಸ್ಪೀಕರ್ ಪೀಠದಲ್ಲಿದ್ದವರು ಮಾತ್ರ ಐದು ವರ್ಷದ ಹಿಂದೆ ಅವರ ಸರ್ಕಾರದಿಂದಲೇ ಸರದಿ ಕಳೆದುಕೊಂಡವರು. ಸೇಡೆಂದು ಕರೆಯಲು ಆಧಾರವಿಲ್ಲ. ಆದರೆ ಚಿಕ್ಕಮಗಳೂರಿನ ಮತದಾರರು ಆರಿಸಿ ಕಳಿಸಿದ ಸದಸ್ಯರನ್ನು ಸದನ ಹೀಗೆ ಹೊರಹಾಕಿದ್ದು ಅತಿಯಾಯಿತು ಎಂಬುದೇ ಈ ಲೇಖಕರ ಎಣಿಕೆ. 1981ರ ಮೇ 7ರಂದು ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು.

1980ರ ಜನವರಿಯಲ್ಲಿ ಸ್ಪೀಕರ್ ಸ್ಥಾನ ಬಿಟ್ಟ ಮೇಲೆ ಹೆಗ್ಡೆ ಕೆಲಕಾಲ ಭಾರತೀಯ ಜನತಾ ಪಕ್ಷದಲ್ಲಿದ್ದು, ಆಮೇಲೆ ರಾಜಕೀಯದಿಂದ ದೂರ ಸರಿದರು. 1979ರಲ್ಲೇ ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಶಿಕ್ಷಣ ಸಂಸ್ಥೆ ಶುರುಮಾಡಿದ್ದರು. 1986ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 24 ಮೇ 1990ರಂದು ತೀರಿಕೊಂಡರು. ಮಗ ಎನ್. ಸಂತೋಷ್ ಹೆಗ್ಡೆ 1999ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಕರ್ನಾಟಕದ ಲೋಕಾಯುಕ್ತರಾಗಿ 2011ರಲ್ಲಿ ಅವರು ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿ ಮುಖ್ಯಮಂತ್ರಿಯ ರಾಜೀನಾಮೆಗೆ ಕಾರಣವಾಯಿತು.