ಕ್ಯಾನ್ಸರ್ ಇಮ್ಯುನೊಥೆರಪಿ ಮತ್ತು ರಕ್ತನಾಳದ ಉರಿಯೂತ

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ ಇಮ್ಯುನೊಥೆರಪಿ. ಅದರಿಂದ ಕೆಲವರಲ್ಲಿ ರಕ್ತನಾಳಗಳ ಗೋಡೆ ಉರಿದು ಬಾತುಕೊಳ್ಳುತ್ತದೆ. ಚರ್ಮದ ತುರಿಕೆ, ಭೇದಿ, ಥೈರಾಯ್ಡ್ ಏರುಪೇರುಗಳ ಮುಂದೆ ಇದು ತೀರ ವಿರಳ. ಹಾಗೆಂದು ಇದರ ಚರಿತ್ರೆಯನ್ನು ಆಕಸ್ಮಿಕಗಳ ಪಟ್ಟಿಯಾಗಿ ಓದುವುದು ಸರಿಯಲ್ಲ. ಔಷಧವು ಯಾವ ತಡೆಯನ್ನು ತೆಗೆದು ಗಡ್ಡೆಯನ್ನು ಕುಗ್ಗಿಸುತ್ತದೋ ಅದೇ ತಡೆ ರಕ್ತನಾಳವನ್ನೂ ಕಾಯುತ್ತಿತ್ತು ಎಂಬುದರ ಕಡೆಗೇ ಪುರಾವೆಗಳು ವಾಲುತ್ತವೆ.

ಇಂಥ ತಡೆಯಾಗಿ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಆವೇಶವನ್ನು ತಗ್ಗಿಸುವ ಎರಡು ಪ್ರೋಟೀನುಗಳು ಸಿಟಿಎಲ್‌ಎ-4 ಮತ್ತು ಪಿಡಿ-1. ಎರಡನೆಯದನ್ನು ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಗುರುತಿಸಿತು. ಮೊದಲನೆಯದಕ್ಕೆ ತಡೆಯೊಡ್ಡಿದರೆ ಇಲಿಗಳ ಗಡ್ಡೆ ಕರಗುತ್ತದೆಂದು ಜೇಮ್ಸ್ ಆಲಿಸನ್ 1996ರಲ್ಲಿ ತೋರಿಸಿದರು. ಇಬ್ಬರಿಗೂ 2018ರ ನೊಬೆಲ್ ಸಂದಿತು. ಎಚ್ಚರಿಕೆಯ ಸೂಚನೆ ಆಲಿಸನ್ ಅವರ ಪ್ರಯೋಗಕ್ಕೂ ಮೊದಲೇ ಸಿಕ್ಕಿತ್ತು. ಸಿಟಿಎಲ್‌ಎ-4 ಇಲ್ಲದೆ ಹುಟ್ಟಿದ ಇಲಿಮರಿಗಳು ಅಂಗಾಂಗಗಳಲ್ಲಿ ಟಿ ಕೋಶಗಳು ತುಂಬಿಕೊಂಡು ಕೆಲವೇ ವಾರಗಳಲ್ಲಿ ಸತ್ತಿದ್ದವು. ಇದು ವರದಿಯಾದದ್ದು 1995ರಲ್ಲಿ. 2011ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಸಿಟಿಎಲ್‌ಎ-4ಗೆ ತಡೆಯೊಡ್ಡುವ ಐಪಿಲಿಮುಮಾಬ್, 2014ರಲ್ಲಿ ಪಿಡಿ-1ಗೆ ತಡೆಯೊಡ್ಡುವ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಒಪ್ಪಿಗೆ ಪಡೆದಾಗ ವೈದ್ಯರ ಕಣ್ಣೆಲ್ಲ ಕರುಳು, ಚರ್ಮ, ಯಕೃತ್ತಿನ ಮೇಲಿತ್ತು. ಐಪಿಲಿಮುಮಾಬ್ ಪಡೆದವರಲ್ಲಿ ಜೈಂಟ್ ಸೆಲ್ ಆರ್ಟರೈಟಿಸ್, ಅಂದರೆ ಹಣೆಯ ಪಕ್ಕದ ಮತ್ತು ಕಣ್ಣಿನ ಅಪಧಮನಿಗಳನ್ನು ಹಿಡಿಯುವ ಉರಿಯೂತ, 2014ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಡ್ಡಪರಿಣಾಮಗಳ ದತ್ತಸಂಚಯವನ್ನು ಜಾಲಾಡಿದ 2018ರ ಅಧ್ಯಯನವೊಂದು ಈ ಔಷಧಿಗಳ ಜೊತೆ ರಕ್ತನಾಳದ ಉರಿಯೂತದ ವರದಿಗಳು ನಿರೀಕ್ಷೆಗಿಂತ ಹೆಚ್ಚಿವೆ ಎಂದಿತು.

ಔಷಧವೇ ಕಾರಣ ಎಂಬ ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಜೈಂಟ್ ಸೆಲ್ ಆರ್ಟರೈಟಿಸ್ ಬರುವುದೇ ಐವತ್ತು ದಾಟಿದವರಿಗೆ. ಕ್ಯಾನ್ಸರಿನ ವಯಸ್ಸೂ ಅದೇ. ಕ್ಯಾನ್ಸರ್ ತಾನೇ ರಕ್ತನಾಳವನ್ನು ಕೆರಳಿಸುವುದೂ ಉಂಟು. ಹೊಸ ಔಷಧದ ಮೇಲೆ ದೂರು ಹೆಚ್ಚು ದಾಖಲಾಗುವುದು ಸಹಜ, ಆದ್ದರಿಂದ ದತ್ತಸಂಚಯವೊಂದನ್ನೇ ನಂಬಿ ತೀರ್ಪು ಕೊಡಲಾಗದು. ಆದರೆ ಗಡ್ಡೆ ಕುಗ್ಗುತ್ತಿರುವಾಗಲೇ ಉರಿಯೂತ ಏರಿ, ಔಷಧ ನಿಲ್ಲಿಸಿ ಸ್ಟೆರಾಯ್ಡ್ ಕೊಟ್ಟಾಗ ಇಳಿದರೆ ದೋಷವನ್ನು ಕ್ಯಾನ್ಸರಿನ ತಲೆಗೆ ಕಟ್ಟುವುದು ಕಷ್ಟ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಬಂದದ್ದು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಮಾಮೂಲಿ ಜೈಂಟ್ ಸೆಲ್ ಆರ್ಟರೈಟಿಸ್ ರೋಗಿಗಳ ಅಪಧಮನಿಗಳಲ್ಲಿ ಪಿಡಿ-1ನ್ನು ಚಾಲೂ ಮಾಡುವ ಪಿಡಿ-ಎಲ್1 ಪ್ರೋಟೀನಿನದೇ ಕೊರತೆಯಿರುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಮನುಷ್ಯರ ಅಪಧಮನಿಯ ತುಣುಕನ್ನು ಕಸಿಮಾಡಿದ ಇಲಿಗಳಲ್ಲಿ ಪಿಡಿ-1ಗೆ ತಡೆಯೊಡ್ಡಿದಾಗ ಉರಿಯೂತ ಉಲ್ಬಣಿಸಿತು. ಅದೇ ವರ್ಷ, ಸಿಟಿಎಲ್‌ಎ-4ರ ಕೆಲಸವನ್ನೇ ಮಾಡುವ ಅಬಟಾಸೆಪ್ಟ್ ಈ ಕಾಯಿಲೆ ಮರುಕಳಿಸುವುದನ್ನು ತಗ್ಗಿಸಿತು. ಆದರೆ ಭಾರತದಂಥ ಏಷ್ಯಾದ ದೇಶಗಳಲ್ಲಿ ಹೆಚ್ಚಾಗಿ ಕಾಣುವ, ಮಹಾಪಧಮನಿಯನ್ನು ಹಿಡಿಯುವ ತಕಯಾಸು ಕಾಯಿಲೆಯಲ್ಲಿ ಅದೇ ಅಬಟಾಸೆಪ್ಟ್ ಸೋತಿತು. ಎಲ್ಲ ರಕ್ತನಾಳದ ಉರಿಯೂತಕ್ಕೂ ಒಂದೇ ಬೀಗ ಒಂದೇ ಕೀಲಿ ಇಲ್ಲ. ಇಲ್ಲಿನ ವಾದದ ಮಿತಿಯೂ ಅಷ್ಟೇ.

ಈ ಔಷಧ ಶ್ರೀಮಂತರದ್ದು, ನಮಗೇಕೆ ಅದರ ಚಿಂತೆ ಎನ್ನುವ ಮಾತು ಹಳತಾಗುತ್ತಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತು. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ತಂಬಾಕು, ಗುಟ್ಕಾ ಬಳಕೆಯಿರುವ ಉತ್ತರ ಕರ್ನಾಟಕಕ್ಕೆ ಇದು ದೊಡ್ಡ ಸುದ್ದಿ. ಆದರೆ ಪ್ರಮಾಣ ಇಳಿದಷ್ಟೇ ಅಪಾಯವೂ ಇಳಿಯುತ್ತದೆಂದು ಲೆಕ್ಕ ಹಾಕಬಾರದು. ಪಿಡಿ-1 ಬಹುಪಾಲು ಮುಚ್ಚಿಹೋಗಲು ಸ್ವಲ್ಪ ಔಷಧವೇ ಸಾಕು, ಇಳಿಸಿದ ಪ್ರಮಾಣ ಫಲ ಕೊಟ್ಟದ್ದೂ ಬಹುಶಃ ಅದಕ್ಕೇ. ವಿಜಯಪುರ ಜಿಲ್ಲೆಯ ಕಾಖಂಡಕಿಯಂಥ ಊರಿನವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಮುಂಬೈಯಲ್ಲೋ ಔಷಧ ಹಾಕಿಸಿಕೊಂಡು ಮರಳಿದರೆ, ಮುಂದೆ ಬರುವ ತಲೆನೋವನ್ನು ಮೊದಲು ನೋಡುವವರು ಹತ್ತಿರದ ವೈದ್ಯರೇ. ಹಣೆಯ ಪಕ್ಕ ಹೊಸ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು, ತೋಳು ಬೇಗ ಬಳಲುವುದು ಕಂಡರೆ ಇಮ್ಯುನೊಥೆರಪಿ ಪಡೆದಿದ್ದನ್ನು ಅವರಿಗೆ ಹೇಳಲೇಬೇಕು, ಕೊನೆಯ ಡೋಸ್ ಆಗಿ ತಿಂಗಳುಗಳೇ ಕಳೆದಿದ್ದರೂ. ಸ್ಟೆರಾಯ್ಡ್ ದೀರ್ಘಕಾಲ ಬೇಕಾದರೆ ನಮ್ಮಲ್ಲಿ ಕ್ಷಯದ ತಪಾಸಣೆಯೂ ಜೊತೆಗೇ ಆಗಬೇಕು. ಆದರೆ ಕಣ್ಣಿಗೆ ತೊಂದರೆ ಕಾಣಿಸಿಕೊಂಡಾಗ ತಪಾಸಣೆಗಳಿಗಾಗಿ ಸ್ಟೆರಾಯ್ಡನ್ನು ತಡಮಾಡುವಂತಿಲ್ಲ: ಜೈಂಟ್ ಸೆಲ್ ಆರ್ಟರೈಟಿಸ್‌ನಲ್ಲಿ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ.